ಗಾಳಿಯಂತ್ರದ ರೆಕ್ಕೆ ತಿರುಗುತ್ತಾ ತಿರುಗುತ್ತಾ ಸಣ್ಣದಾಗುತ್ತಿದೆ, ಏಕೆ?

ದುರ್ಗದ ಬಿಸಿಎ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದಲ್ಲಿ ಬಿಸಿಎ ಎರಡನೇ ವರ್ಷ ಓದುತ್ತಿದ್ದೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬಿನಲ್ಲಿ ಪ್ರತಿಯೊಬ್ಬರೂ ಚಲಿಸುವ ಚಿತ್ರವೊಂದನ್ನು ಸ್ವಂತವಾಗಿ ಮಾಡಿ ತೋರಿಸಬೇಕು. ಗೆಳತಿಯರು ಕಾರು, ದೋಣಿ, ಬಾವುಟ ಆರಿಸಿಕೊಂಡರು. ನಮ್ಮ ಮನೆಯ ಮಾಳಿಗೆ ಹತ್ತಿದರೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಮನೆಯಲ್ಲಿ ಎಲ್ಲರೂ ಅವನ್ನು ಫ್ಯಾನ್ ಎಂದೇ ಕರೆಯುತ್ತಾರೆ. ಚಿಕ್ಕಂದಿನಿಂದ ಅವನ್ನು ನೋಡುತ್ತಾ ಬೆಳೆದವಳು, ಅದನ್ನೇ ಮಾಡೋಣ ಎಂದುಕೊಂಡೆ.

ಲ್ಯಾಬಿನಲ್ಲಿರುವುದು ಟರ್ಬೊ ಸಿ, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಹಳೆಯ ತಂತ್ರಾಂಶ. ಪಿಕ್ಸೆಲ್ ಎಂಬ ಚುಕ್ಕೆಗಳ ಲೆಕ್ಕದಲ್ಲಿ ಪರದೆ 640 ಅಗಲ, 480 ಎತ್ತರ, 16 ಬಣ್ಣ. ಗುಡ್ಡ ಬಂತು, ಕಂಬ ಬಂತು. ರೆಕ್ಕೆ ಮಾತ್ರ ಸರಿಯಾಗುತ್ತಿಲ್ಲ. ಪ್ರತಿ ಹೆಜ್ಜೆಗೆ 5 ಡಿಗ್ರಿಯಂತೆ 72 ಹೆಜ್ಜೆಗೆ ಒಂದು ಸುತ್ತು ತಿರುಗಿಸುತ್ತೇನೆ. 100 ಪಿಕ್ಸೆಲ್ ಉದ್ದವಿದ್ದ ರೆಕ್ಕೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಅರ್ಧಕ್ಕಿಂತಲೂ ಚಿಕ್ಕದಾಗುತ್ತದೆ. ಇನ್ನೆರಡು ಸುತ್ತು ಬಿಟ್ಟರೆ ಕಂಬದ ತುದಿಯಲ್ಲಿ ಒಂದು ಚುಕ್ಕೆಯಷ್ಟೇ ಉಳಿಯುತ್ತದೆ. ಪುಸ್ತಕದ ಸೂತ್ರವನ್ನೇ ಬರೆದಿದ್ದೇನೆ. ಆ ಎರಡು ಸಾಲು ಹೀಗಿವೆ, ಓದಲು ಸುಲಭವಾಗಲೆಂದು ಕನ್ನಡದಲ್ಲಿ ಬರೆಯುತ್ತೇನೆ:

ಎಕ್ಸ್ = ಎಕ್ಸ್ × ಕಾಸ್(ಕೋನ) − ವೈ × ಸೈನ್(ಕೋನ)
ವೈ = ಎಕ್ಸ್ × ಸೈನ್(ಕೋನ) + ವೈ × ಕಾಸ್(ಕೋನ)

ಎಕ್ಸ್, ವೈ ಎರಡೂ ಪೂರ್ಣಾಂಕಗಳು, ಏಕೆಂದರೆ ಗೆರೆ ಎಳೆಯುವ ಫಂಕ್ಷನ್ ಪೂರ್ಣಾಂಕವನ್ನೇ ಕೇಳುತ್ತದೆ. ನಾಲ್ಕು ದಿನದಿಂದ ಇದರ ಮುಂದೆಯೇ ಕುಳಿತಿದ್ದೇನೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ದಾವಣಗೆರೆ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್

ಕೋನವನ್ನು ಡಿಗ್ರಿಯಲ್ಲೇ ಕೊಟ್ಟಿದ್ದೀರಾ? ಸಿ ಭಾಷೆಯ ಸೈನ್, ಕಾಸ್ ಎರಡೂ ರೇಡಿಯನ್ ಕೇಳುತ್ತವೆ. ಡಿಗ್ರಿಯನ್ನು 3.14159ರಿಂದ ಗುಣಿಸಿ 180ರಿಂದ ಭಾಗಿಸಬೇಕು. ನಾನೂ ಮೊದಲು ಇದರಲ್ಲೇ ಎಡವಿದ್ದೆ. 5 ಡಿಗ್ರಿ ಎಂದುಕೊಂಡು 5 ರೇಡಿಯನ್ ಕೊಟ್ಟರೆ ರೆಕ್ಕೆ 286 ಡಿಗ್ರಿ ಹಾರುತ್ತದೆ.

ದುರ್ಗದ ಬಿಸಿಎ ವಿದ್ಯಾರ್ಥಿನಿ

ಅದನ್ನು ಮಾಡಿದ್ದೇನೆ ಅಣ್ಣ. ತಿರುಗುವುದು ಸರಿಯಾಗಿಯೇ ತಿರುಗುತ್ತದೆ, ಅಳತೆ ಮಾತ್ರ ಕರಗುತ್ತಿದೆ.

ದಾವಣಗೆರೆಯ ಹಳೇ ಪ್ರೋಗ್ರಾಮರ್

ತಂಗಿ, ಉತ್ತರವನ್ನು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಆದರೆ ಈ ತಪ್ಪನ್ನು ನೀವೇ ಹಿಡಿದರೆ ಜೀವಮಾನವೆಲ್ಲ ನೆನಪಿರುತ್ತದೆ, ಅದಕ್ಕಾಗಿ ಹತ್ತು ನಿಮಿಷ ಕೊಡಿ.

ನಾನು ಪ್ರೋಗ್ರಾಮಿಂಗ್ ಕಲಿತದ್ದು ದಾವಣಗೆರೆಯ ಪಿ.ಬಿ. ರಸ್ತೆಯ ಪಕ್ಕದ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ. ದಿನಕ್ಕೆ ಒಂದು ಗಂಟೆ ಮಾತ್ರ ಕಂಪ್ಯೂಟರ್ ಸಿಗುತ್ತಿತ್ತು. ಆ ಒಂದು ಗಂಟೆಯನ್ನು ಹಾಳು ಮಾಡಿಕೊಳ್ಳಬಾರದೆಂದು ಉಳಿದ ಹೊತ್ತೆಲ್ಲ ಚೌಕುಳಿ ಪುಸ್ತಕದಲ್ಲಿ ಪ್ರೋಗ್ರಾಮನ್ನು ನಾವೇ ಓಡಿಸುತ್ತಿದ್ದೆವು. ಮೇಲಿನ ಸಾಲು ಓದುವುದು, ಲೆಕ್ಕ ಮಾಡುವುದು, ಹಳೆಯ ಬೆಲೆಗೆ ಅಡ್ಡಗೀಟು ಹಾಕಿ ಹೊಸದನ್ನು ಪಕ್ಕದಲ್ಲಿ ಬರೆಯುವುದು, ನಂತರ ಮುಂದಿನ ಸಾಲು. ಇಂದಿಗೂ ಗ್ರಾಫಿಕ್ಸ್ ಕಲಿಯಲು ಬರುವವರಿಗೆ ನಾನು ಮೊದಲು ಕೊಡುವುದು ಪೆನ್ಸಿಲ್ಲನ್ನೇ. ಪರದೆಯ ಮೇಲಿನ ಚಿತ್ರ ತಪ್ಪಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಯಾವ ಸಾಲಿನಲ್ಲಿ ತಪ್ಪಿತು ಎಂಬುದು ಕಾಣುವುದಿಲ್ಲ. ಕಾಗದದ ಮೇಲೆ ಸಾಲು ಸಾಲಾಗಿ ಇಳಿದರೆ ಅದು ಕಾಣುತ್ತದೆ.

ನಿಮ್ಮ ಎರಡು ಸಾಲನ್ನು ಹಾಗೆಯೇ ಓಡಿಸಿ. 5 ಡಿಗ್ರಿ ಬೇಡ, ಲೆಕ್ಕ ಸುಲಭವಾಗಲು 90 ಡಿಗ್ರಿ ತೆಗೆದುಕೊಳ್ಳಿ. ಆಗ ಕಾಸ್ ಸೊನ್ನೆ, ಸೈನ್ ಒಂದು. ಬಿಂದು (10, 0). ಉತ್ತರ (0, 10) ಬರಬೇಕು. ನಿಮ್ಮ ಸಾಲುಗಳು ಏನು ಕೊಡುತ್ತವೆ? ಒಂದೊಂದು ಸಾಲಾದ ಮೇಲೂ ಎಕ್ಸ್ ಎಷ್ಟು, ವೈ ಎಷ್ಟು ಎಂದು ಬರೆಯಿರಿ. ಬಳಿಕ (0, 10) ಬಿಂದುವನ್ನೂ ಮಾಡಿ.

ದುರ್ಗದ ಬಿಸಿಎ ವಿದ್ಯಾರ್ಥಿನಿ

ಮಾಡಿದೆ ಸರ್.

ಮೊದಲ ಸಾಲು: ಎಕ್ಸ್ = 10 × 0 − 0 × 1 = 0. ಪುಸ್ತಕದಲ್ಲಿ 10ಕ್ಕೆ ಅಡ್ಡಗೀಟು ಹಾಕಿ 0 ಬರೆದೆ.
ಎರಡನೇ ಸಾಲು: ವೈ = ಎಕ್ಸ್ × 1 + 0 × 0. ಇಲ್ಲಿ ಎಕ್ಸ್ ಎಂದರೆ 10 ಎಂದು ಬರೆಯಲು ಹೊರಟವಳು ನಿಂತುಬಿಟ್ಟೆ. ಎಕ್ಸ್ ಈಗ 10 ಆಗಿ ಉಳಿದಿಲ್ಲ! ಅಡ್ಡಗೀಟು ಬಿದ್ದಾಗಿದೆ. ಹಾಗಾಗಿ ವೈ ಕೂಡ 0. ಬಿಂದು (0, 0)ಕ್ಕೆ ಬಂದು ಬಿತ್ತು.

(0, 10) ಬಿಂದು (−10, −10) ಆಯಿತು. (−10, 0) ಬರಬೇಕಿತ್ತು. ಬೇರೆ ಬಿಂದುಗಳನ್ನೂ ಹಾಕಿ ನೋಡಿದೆ, ಎಲ್ಲವೂ ಒಂದೇ ಓರೆ ಗೆರೆಯ ಮೇಲೆ ಬಂದು ಕೂರುತ್ತವೆ.

ಅಂದರೆ ವೈ ಲೆಕ್ಕ ಮಾಡುವ ಮೊದಲೇ ನಾನು ಹಳೆಯ ಎಕ್ಸ್ ಅನ್ನು ಅಳಿಸಿಬಿಟ್ಟಿದ್ದೇನೆ. ಹೊಸ ಎಕ್ಸ್ ಅನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡು, ವೈ ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಸರಿಯೇ ಸರ್?

ದಾವಣಗೆರೆಯ ಹಳೇ ಪ್ರೋಗ್ರಾಮರ್

ನೂರಕ್ಕೆ ನೂರು ಸರಿ. ಗಣಿತದ ಪುಸ್ತಕದಲ್ಲಿ ಆ ಎರಡು ಸಮೀಕರಣಗಳು ಏಕಕಾಲಕ್ಕೆ ನಿಜ. ಕಂಪ್ಯೂಟರಿನಲ್ಲಿ ಒಂದು ಮುಗಿದ ಮೇಲೆ ಇನ್ನೊಂದು ನಡೆಯುತ್ತದೆ. ಸಮ ಎಂಬ ಗುರುತು ಪುಸ್ತಕದಲ್ಲಿ ಎರಡು ಕಡೆ ಸಮವೆಂದು ಹೇಳುತ್ತದೆ, ಪ್ರೋಗ್ರಾಮಿನಲ್ಲಿ ಬಲಗಡೆಯದನ್ನು ಎಡಗಡೆಯ ಡಬ್ಬಿಯಲ್ಲಿ ಸುರಿ, ಹಳೆಯದನ್ನು ಚೆಲ್ಲು ಎನ್ನುತ್ತದೆ. ಹೊಸಬರಿಗೆ ಇದನ್ನು ಬಿಡಿಸಿ ಹೇಳದೆ ಸೂತ್ರವನ್ನು ಮಾತ್ರ ಬೋರ್ಡಿನ ಮೇಲೆ ಬರೆಯುವುದು ನನಗೆ ಬಹಳ ಬೇಸರದ ಸಂಗತಿ.

ಈ ಒಂದು ತಪ್ಪಿನಿಂದ ಪ್ರತಿ ಹೆಜ್ಜೆಗೂ ರೆಕ್ಕೆಯ ಉದ್ದ ಸುಮಾರು ಕಾಸ್ 5 ಡಿಗ್ರಿಯಷ್ಟು, ಅಂದರೆ 0.9962 ಪಟ್ಟಾಗುತ್ತದೆ. ಒಂದು ಹೆಜ್ಜೆಯಲ್ಲಿ ಕಣ್ಣಿಗೆ ಗೊತ್ತಾಗುವುದಿಲ್ಲ. ಅದನ್ನೇ 72 ಸಲ ಗುಣಿಸಿ ನೋಡಿ, 0.76ಕ್ಕೆ ಬಂದು ನಿಲ್ಲುತ್ತದೆ. ಆದರೆ ನೀವು ಅರ್ಧಕ್ಕಿಂತ ಚಿಕ್ಕದು ಎಂದಿದ್ದೀರಿ. ಹಾಗಾದರೆ ಇನ್ನೂ ಎಲ್ಲೋ ಸೋರುತ್ತಿದೆ.

ದುರ್ಗದ ಬಿಸಿಎ ವಿದ್ಯಾರ್ಥಿನಿ

ಇಂದು ಲ್ಯಾಬಿನಲ್ಲಿ ತಿದ್ದಿ ಓಡಿಸಿದೆ. ಮೊದಲಿಗಿಂತ ಎಷ್ಟೋ ವಾಸಿ, ಆದರೂ ಕುಗ್ಗುವುದು ನಿಂತಿಲ್ಲ. ರೆಕ್ಕೆಯ ಅಂಚು ಅಂಕುಡೊಂಕಾಗಿ ಆಕಾರವೂ ಕೆಡುತ್ತಿದೆ.

ದಾವಣಗೆರೆ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್

ಪೂರ್ಣಾಂಕದ್ದೇ ತೊಂದರೆ ಇರಬೇಕು. ಸಿ ಭಾಷೆ ದಶಾಂಶವನ್ನು ಪೂರ್ಣಾಂಕದ ಡಬ್ಬಿಗೆ ಹಾಕುವಾಗ ಹತ್ತಿರದ ಸಂಖ್ಯೆಗೆ ಸರಿಪಡಿಸುವುದಿಲ್ಲ, ಚುಕ್ಕೆಯ ನಂತರದ್ದನ್ನು ಕತ್ತರಿಸಿ ಬಿಸಾಡುತ್ತದೆ. 99.9 ಇದ್ದರೂ 99.

ಇದರ ಅಣ್ಣನಂತಹ ಇನ್ನೊಂದು ತಪ್ಪನ್ನು ನಾನು ಮೊದಲ ಸೆಮಿಸ್ಟರಿನಲ್ಲಿ ಮಾಡಿದ್ದೆ. ಗೆರೆಯ ಇಳಿಜಾರು ಕಂಡುಹಿಡಿಯಲು 3 ಭಾಗಿಸು 7 ಎಂದು ಬರೆದೆ. ಎರಡೂ ಪೂರ್ಣಾಂಕವಾದ್ದರಿಂದ ಉತ್ತರ ಸೊನ್ನೆ. ಓರೆಯಾಗಿ ಹೋಗಬೇಕಿದ್ದ ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿತ್ತು.

ದಾವಣಗೆರೆಯ ಹಳೇ ಪ್ರೋಗ್ರಾಮರ್

ತಮ್ಮ ಸರಿಯಾಗಿ ಹಿಡಿದಿದ್ದಾನೆ. ಲೆಕ್ಕ ಮಾಡಿಯೇ ನೋಡೋಣ. ರೆಕ್ಕೆಯ ತುದಿ (100, 0). 5 ಡಿಗ್ರಿ ತಿರುಗಿಸಿದರೆ ನಿಜವಾದ ಉತ್ತರ (99.62, 8.72). ಪೂರ್ಣಾಂಕದಲ್ಲಿ ಉಳಿಯುವುದು (99, 8). ಮುಂದಿನ 5 ಡಿಗ್ರಿ ಶುರುವಾಗುವುದು ಈ ಕತ್ತರಿಸಿದ ಬಿಂದುವಿನಿಂದ. ಬರುವುದು (97.93, 16.60), ಉಳಿಯುವುದು (97, 16). 10 ಡಿಗ್ರಿಯಲ್ಲಿ ಇರಬೇಕಾದ ಜಾಗ (98.48, 17.36). ಎರಡೇ ಹೆಜ್ಜೆಗೆ ರೆಕ್ಕೆ 100ರಿಂದ 98.3ಕ್ಕೆ ಇಳಿಯಿತು. ಕತ್ತರಿಸುವುದು ಯಾವಾಗಲೂ ಸೊನ್ನೆಯ ಕಡೆಗೇ ಆದ್ದರಿಂದ ನಷ್ಟವೂ ಯಾವಾಗಲೂ ಒಳಮುಖವಾಗಿಯೇ ಆಗುತ್ತದೆ. ಒಂದು ಸಲ ಹೆಚ್ಚು, ಒಂದು ಸಲ ಕಡಿಮೆಯಾಗಿ ಸರಿತೂಗುವುದಿಲ್ಲ.

ಬಿಂದುಗಳನ್ನು ದಶಾಂಶದಲ್ಲಿ ಇಟ್ಟರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಅಷ್ಟಕ್ಕೇ ನಿಲ್ಲಬೇಡಿ. ತಿರುಗಿದ್ದನ್ನೇ ಮತ್ತೆ ತಿರುಗಿಸುವ ಅಭ್ಯಾಸವನ್ನೇ ಬಿಡಬೇಕು. ರೆಕ್ಕೆಯ ಮೂಲ ಬಿಂದುಗಳನ್ನು ಒಂದು ಪಟ್ಟಿಯಲ್ಲಿ ಇಟ್ಟುಬಿಡಿ, ಪ್ರೋಗ್ರಾಂ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಬದಲಾಗಬೇಕಾದದ್ದು ಕೋನವೊಂದೇ: 5, 10, 15, 20. ಪ್ರತಿ ಸಲವೂ ಮೂಲ ಬಿಂದುವಿನಿಂದಲೇ ಆ ಕೋನಕ್ಕೆ ಹೊಸದಾಗಿ ಲೆಕ್ಕ ಮಾಡಿ, ಬಂದದ್ದನ್ನು ಗೆರೆ ಎಳೆಯಲು ಬಳಸಿ, ಎಸೆಯಿರಿ. ಆಗ ತಪ್ಪು ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆಗೆ ದಾಟುವುದಿಲ್ಲ. ಸಾವಿರ ಸುತ್ತಾದರೂ ರೆಕ್ಕೆ 100 ಪಿಕ್ಸೆಲ್ಲೇ ಇರುತ್ತದೆ.

ಮೊಳಕಾಲ್ಮೂರಿನ ನೇಕಾರರ ಮನೆಯವನು

ಸರ್ ಹೇಳಿದ ಮಾತು ಓದಿ ಬರೆಯಬೇಕೆನಿಸಿತು. ನಮ್ಮದು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆ. ನಾನು ಪದವಿ ಮುಗಿಸಿ ವೆಬ್ ಪುಟಗಳ ಕೆಲಸ ಕಲಿಯುತ್ತಿದ್ದೇನೆ. ಪಿಕ್ಸೆಲ್ ಎಂದರೇನು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಸೆರಗಿಗೆ ನವಿಲು ಬೇಕೆಂದರೆ ಅದನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಬರೆಯುತ್ತಾರೆ. ಉದ್ದಸಾಲು ಹಾಸಿನ ಎಳೆಗೆ, ಅಡ್ಡಸಾಲು ಹೊಕ್ಕಿನ ಎಳೆಗೆ. ಚೌಕಕ್ಕೆ ಬಣ್ಣ ತುಂಬಿದ್ದರೆ ಅಲ್ಲಿ ಹಾಸಿನ ಎಳೆ ಮೇಲೇಳಬೇಕು, ಖಾಲಿ ಇದ್ದರೆ ಕೆಳಗೇ ಉಳಿಯಬೇಕು. ಒಂದು ಅಡ್ಡಸಾಲಿಗೆ ರಟ್ಟಿನ ಕಾರ್ಡು ಒಂದು, ಬಣ್ಣದ ಚೌಕ ಇರುವ ಕಡೆಯೆಲ್ಲ ಕಾರ್ಡಿಗೆ ತೂತು. ಕಾರ್ಡುಗಳನ್ನು ಸರಪಳಿಯಂತೆ ಹೊಲಿದು ಮಗ್ಗದ ಮೇಲಿನ ಜಕಾರ್ಡ್ ಎಂಬ ಯಂತ್ರಕ್ಕೆ ಏರಿಸಿದರೆ, ಕಾಲಿನಿಂದ ಒಮ್ಮೆ ತುಳಿದಾಗ ಒಂದು ಕಾರ್ಡು ಸರಿದು ಒಂದು ಸಾಲು ನೇಯ್ದಾಗುತ್ತದೆ. ಜಕಾರ್ಡ್ ಫ್ರಾನ್ಸಿನಲ್ಲಿ 1804ರಲ್ಲಿ ಬಂದದ್ದು, ಪರದೆಗಳಿಗಿಂತ ಎಷ್ಟೋ ಹಳೆಯದು.

ಕಾರ್ಡು ಸವೆದು ಹರಿದರೆ ನಮ್ಮ ಮನೆಯಲ್ಲಿ ನೇಯ್ದ ಸೀರೆಯನ್ನು ನೋಡಿಕೊಂಡು ಹೊಸ ಕಾರ್ಡು ಕತ್ತರಿಸುವುದಿಲ್ಲ. ಟ್ರಂಕಿನಿಂದ ಗ್ರಾಫ್ ಹಾಳೆಯನ್ನೇ ತೆಗೆಯುತ್ತಾರೆ. ಸೀರೆ ನೋಡಿ ಕತ್ತರಿಸಿದರೆ ಎಲ್ಲೋ ಒಂದು ಎಳೆ ತಪ್ಪಿದ್ದು ಹೊಸ ಕಾರ್ಡಿಗೂ ಬರುತ್ತದೆ, ಅದರಿಂದ ಮುಂದಿನ ಸೀರೆಗೂ ಬರುತ್ತದೆ. ಅಪ್ಪ ಆ ಹಾಳೆಯನ್ನು ಮಡಚಲೂ ಬಿಡುವುದಿಲ್ಲ, ಸುರುಳಿ ಸುತ್ತಿಯೇ ಇಡಬೇಕು. ಅಕ್ಕ, ನಿಮ್ಮ ರೆಕ್ಕೆಯ ಮೂಲ ಬಿಂದುಗಳನ್ನು ಆ ಹಾಳೆಯೆಂದು ತಿಳಿದುಕೊಳ್ಳಿ.

ಹರಿಹರದ ಹೊಸಬ

ನನ್ನ ಪ್ರಶ್ನೆಯನ್ನೂ ಇಲ್ಲೇ ಕೇಳುತ್ತೇನೆ. ನನ್ನ ಚೌಕ ಅದರ ಜಾಗದಲ್ಲಿ ತಿರುಗದೆ ಪರದೆಯ ಎಡಮೇಲಿನ ಮೂಲೆಯನ್ನು ಸುತ್ತಲು ಹೋಗಿ ಕಾಣೆಯಾಗುತ್ತದೆ.

ದಾವಣಗೆರೆ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್

ಸೂತ್ರ ತಿರುಗಿಸುವುದು (0, 0) ಬಿಂದುವಿನ ಸುತ್ತ. ಪರದೆಯಲ್ಲಿ ಅದು ಎಡಮೇಲಿನ ಮೂಲೆ. ಚೌಕದ ನಡುವನ್ನೇ (0, 0) ಎಂದುಕೊಂಡು ಬಿಂದುಗಳನ್ನು ಬರೆಯಿರಿ, ತಿರುಗಿಸಿ, ಕೊನೆಯಲ್ಲಿ ಇರಬೇಕಾದ ಜಾಗವನ್ನು, ಉದಾಹರಣೆಗೆ (320, 200) ಅನ್ನು ಕೂಡಿಸಿ. ಮೊದಲು ಕೂಡಿಸಿ ಆಮೇಲೆ ತಿರುಗಿಸಿದರೆ ಮತ್ತೆ ಮೂಲೆಯ ಪ್ರದಕ್ಷಿಣೆ.

ಇನ್ನೊಂದು ಮಾತು. ನಾವೆಲ್ಲ ಟರ್ಬೊ ಸಿ ಹಿಡಿದುಕೊಂಡು ಎಷ್ಟು ದಿನ ಕೂರುವುದು? ಗ್ರಾಫಿಕ್ಸ್ ಕಾರ್ಡಿನಿಂದ ಚಿತ್ರ ಬರೆಸುವ ಓಪನ್‌ಜಿಎಲ್ 1992ರಲ್ಲೇ ಬಂದಿದೆ. ಅದರಲ್ಲಿಯೂ ಒಂದೊಂದೇ ಬಿಂದು ಕೊಡುವ ಹಳೆಯ ಪದ್ಧತಿಯನ್ನು 2008ರ 3.0 ಆವೃತ್ತಿಯಲ್ಲೇ ಕೈಬಿಡಬೇಕಾದದ್ದು ಎಂದು ಗುರುತಿಸಿದರು. ಈಗ ತ್ರಿಕೋನಗಳ ಪಟ್ಟಿಯನ್ನು ಒಟ್ಟಿಗೆ ಗ್ರಾಫಿಕ್ಸ್ ಕಾರ್ಡಿಗೆ ಕಳುಹಿಸಿ, ಶೇಡರ್ ಎಂಬ ಸಣ್ಣ ಪ್ರೋಗ್ರಾಂ ಅಲ್ಲೇ ಓಡುವಂತೆ ಮಾಡುತ್ತಾರೆ. ಹೊಸಬರು ಅಲ್ಲಿಂದಲೇ ಶುರು ಮಾಡಿದರೆ ಕೆಲಸಕ್ಕೂ ಅನುಕೂಲ.

ದಾವಣಗೆರೆಯ ಹಳೇ ಪ್ರೋಗ್ರಾಮರ್

ಟರ್ಬೊ ಸಿ ಬಗ್ಗೆ ನಿನ್ನ ಮಾತು ಒಪ್ಪುತ್ತೇನೆ ತಮ್ಮ. ಅದು ವಿಂಡೋಸ್‌ಗಿಂತ ಮುಂಚಿನ ಡಾಸ್ ಕಾಲದ್ದು, ಇಂದಿನ ಗಣಕದಲ್ಲಿ ಓಡಿಸಲು ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸಿನ ಆಸರೆ ಬೇಕು. ಅದನ್ನೇ ಕಲಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಶೇಡರಿನಿಂದ ಶುರು ಮಾಡು ಎಂಬುದನ್ನು ಒಪ್ಪುವುದಿಲ್ಲ. ಅಲ್ಲಿ ಮೊದಲ ತ್ರಿಕೋನ ಪರದೆಗೆ ಬರಬೇಕಾದರೆ ನೂರರ ಹತ್ತಿರ ಸಾಲು ಬರೆಯಬೇಕು, ಅದರಲ್ಲಿ ತೊಂಬತ್ತು ಸಾಲು ಏಕೆಂದು ಹೊಸಬರಿಗೆ ಗೊತ್ತಿರುವುದಿಲ್ಲ. ನಕಲು ಮಾಡಿ ಅಂಟಿಸುತ್ತಾರೆ. ತ್ರಿಕೋನ ಬರದಿದ್ದರೆ ಕಪ್ಪು ಪರದೆ, ಹಿಡಿದು ನೋಡಲು ಒಂದು ಸಂಖ್ಯೆಯೂ ಸಿಗುವುದಿಲ್ಲ. ಈ ತಂಗಿಯ ತಪ್ಪು ನಮಗೆ ಸಿಕ್ಕಿದ್ದು (10, 0) ಎಂಬ ಒಂದು ಬಿಂದುವನ್ನು ಕೈಯಲ್ಲಿ ಹಿಡಿಯಲು ಆದದ್ದರಿಂದ. ಅದೇ ಎರಡು ಸಮೀಕರಣ ನಾಳೆ ಶೇಡರಿನ ಒಳಗೂ ಇರುತ್ತದೆ, ಆಗ ಅದು ಪರಿಚಿತ ಮುಖವಾಗಿರುತ್ತದೆ.

ನನ್ನನ್ನು ಕೇಳಿದರೆ ಇಂದು ಶುರು ಮಾಡುವವರಿಗೆ ಬ್ರೌಸರಿನ ಕ್ಯಾನ್‌ವಾಸ್, ಅಂದರೆ ವೆಬ್ ಪುಟದೊಳಗೆ ಚಿತ್ರ ಬರೆಯುವ ಜಾಗ, ಸಾಕು. ಏನನ್ನೂ ಅನುಸ್ಥಾಪಿಸಬೇಕಿಲ್ಲ, ಮೊಬೈಲಿನಲ್ಲೂ ಓಡುತ್ತದೆ. ಅದರ ಮೇಲೆಯೇ ಕಟ್ಟಿದ ಪಿ5 ಎಂಬ ಸಲಕರಣೆಯೂ ಇದೆ. 2001ರಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಶುರು ಮಾಡಿದ ಪ್ರೋಸೆಸಿಂಗ್ ಎಂಬ ಭಾಷೆಯ ದಾರಿಯಲ್ಲೇ ಬಂದದ್ದು, ಚಿತ್ರ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಹೊಳಲ್ಕೆರೆ ತಾಲ್ಲೂಕಿನ ಶಾಲಾ ಶಿಕ್ಷಕ

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಎಂಟನೇ ತರಗತಿಯ ಮಕ್ಕಳಿಗೆ ಹೇಗೆ ಶುರು ಮಾಡಬಹುದು? ನಮ್ಮಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಎರಡೇ.

ನಾನು ಮಾಡಿದ ಒಂದು ಪ್ರಯತ್ನ ಹೇಳುತ್ತೇನೆ. ಪೈಥಾನ್ ಭಾಷೆಯಲ್ಲಿ, ಪರದೆಯ ಮೇಲೆ ನಡೆಯುತ್ತಾ ಗೆರೆ ಎಳೆಯುವ ಆಮೆಯ ಮಾಡ್ಯೂಲ್ ಇದೆ, 1967ರ ಲೋಗೋ ಭಾಷೆಯಿಂದ ಬಂದ ಕಲ್ಪನೆ. ಮುಂದೆ ಹೋಗು, ಬಲಕ್ಕೆ ತಿರುಗು, ಇಷ್ಟೇ ಆಜ್ಞೆ. ಕಂಪ್ಯೂಟರಿನ ಮುಂದೆ ಕೂರಿಸುವ ಮೊದಲು ಒಬ್ಬ ಹುಡುಗಿಯನ್ನು ಶಾಲೆಯ ಅಂಗಳದಲ್ಲಿ ಆಮೆ ಮಾಡಿದೆವು, ಕೈಯಲ್ಲಿ ಸುಣ್ಣದ ಪುಡಿಯ ಡಬ್ಬಿ. ತ್ರಿಕೋನ ಬಿಡಿಸಲು ಎಲ್ಲರೂ 60 ಡಿಗ್ರಿ ತಿರುಗು ಎಂದು ಕೂಗಿದರು. ಅವಳು ಹಾಗೆಯೇ ತಿರುಗಿ ನಡೆದರೆ ತ್ರಿಕೋನದ ಬದಲು ಷಟ್ಕೋನದ ಕಡೆಗೆ ಹೊರಟಳು. ತಿರುಗಬೇಕಾದದ್ದು ಹೊರಕೋನ, 120 ಡಿಗ್ರಿ ಎಂಬುದನ್ನು ಆ ದಿನ ಸುಣ್ಣದ ಗೆರೆಯೇ ಕಲಿಸಿತು.

ದಾವಣಗೆರೆಯ ಹಳೇ ಪ್ರೋಗ್ರಾಮರ್

ಸರ್, ಅಂಗಳದ ಆಮೆಗಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಅದರ ಜೊತೆಗೆ ಇದನ್ನೂ ಸೇರಿಸಿ. ಪಿಪಿಎಂ ಎಂಬ ಚಿತ್ರದ ಫೈಲ್ ಬಗೆಯೊಂದಿದೆ, ಅದನ್ನು ಬರಿಯ ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಬಹುದು. ಮೊದಲ ಸಾಲಿನಲ್ಲಿ ಪಿ ಅಕ್ಷರ ಮತ್ತು 3, ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ. ಎರಡನೆಯದರಲ್ಲಿ ಅಗಲ, ಎತ್ತರ. ಮೂರನೆಯದರಲ್ಲಿ 255. ಅಲ್ಲಿಂದ ಮುಂದೆ ಪ್ರತಿ ಚೌಕಕ್ಕೆ ಮೂರು ಸಂಖ್ಯೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. 255 0 0 ಕೆಂಪು. 255 255 0 ಹಳದಿ. ಮೇಲಿನ ಸಾಲಿಗೆ ಹಳದಿ, ಕೆಳಗಿನ ಸಾಲಿಗೆ ಕೆಂಪು ಬರೆದು ಉಳಿಸಿ, ಜಿಂಪ್ ತಂತ್ರಾಂಶದಲ್ಲಿ ತೆರೆದು ದೊಡ್ಡದು ಮಾಡಿದರೆ ನಮ್ಮ ಕನ್ನಡ ಬಾವುಟ. ಕೆಂಪೂ ಹಸಿರೂ ಸೇರಿ ಹಳದಿ ಹೇಗಾಯಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬಣ್ಣದ ಡಬ್ಬಿಯ ಲೆಕ್ಕ ಬೇರೆ, ಬೆಳಕಿನ ಲೆಕ್ಕ ಬೇರೆ ಎಂಬ ಪಾಠಕ್ಕೆ ಅಲ್ಲಿ ದಾರಿಯಾಗುತ್ತದೆ. ಮೂರು ಬಣ್ಣಕ್ಕೂ 256 ಮಟ್ಟ, ಒಟ್ಟು 1,67,77,216 ಬಣ್ಣ. ಎರಡು ಕಂಪ್ಯೂಟರ್ ಇದ್ದರೂ ತೊಂದರೆಯಿಲ್ಲ, ಎಲ್ಲರೂ ಪುಸ್ತಕದಲ್ಲಿ ಬರೆದು ತಂದು ಸರದಿಯಂತೆ ಟೈಪ್ ಮಾಡಲಿ.

ಮೊಳಕಾಲ್ಮೂರಿನ ನೇಕಾರರ ಮನೆಯವನು

ಸರ್, ನನ್ನದೂ ಒಂದು ಪ್ರಶ್ನೆ. ನವಿಲಿನ ಕತ್ತಿನ ಓರೆಯನ್ನು ಗ್ರಾಫಿನಲ್ಲಿ ಬಿಡಿಸುವಾಗ ಯಾವ ಚೌಕ ತುಂಬಬೇಕು, ಯಾವುದು ಬಿಡಬೇಕು ಎಂಬುದನ್ನು ಅಪ್ಪ ಕಣ್ಣಳತೆಯಲ್ಲೇ ಮಾಡುತ್ತಾರೆ. ಕಂಪ್ಯೂಟರ್ ಅದನ್ನು ಹೇಗೆ ನಿರ್ಧರಿಸುತ್ತದೆ?

ದಾವಣಗೆರೆಯ ಹಳೇ ಪ್ರೋಗ್ರಾಮರ್

ಈ ಪ್ರಶ್ನೆಗೆ ಕಾಯುತ್ತಿದ್ದೆ. ಜ್ಯಾಕ್ ಬ್ರೆಸೆನ್‌ಹ್ಯಾಮ್ ಎಂಬವರು 1962ರಲ್ಲಿ ಐಬಿಎಂನಲ್ಲಿ ಇದಕ್ಕೊಂದು ವಿಧಾನ ಕಂಡುಕೊಂಡರು, ಪರದೆಗಾಗಿ ಅಲ್ಲ, ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆಯುವ ಪ್ಲಾಟರ್ ಯಂತ್ರಕ್ಕಾಗಿ. 1965ರಲ್ಲಿ ಅದು ಪ್ರಕಟವಾಯಿತು. ಭಾಗಾಕಾರ ಬೇಡ, ದಶಾಂಶ ಬೇಡ. ಕೂಡುವುದು, ಕಳೆಯುವುದು, ಎರಡರಿಂದ ಗುಣಿಸುವುದು ಅಷ್ಟೇ.

(0, 0)ದಿಂದ (7, 3)ಕ್ಕೆ ಗೆರೆ ಎಳೆಯಬೇಕು ಎಂದುಕೊಳ್ಳಿ. ಬಲಕ್ಕೆ 7, ಮೇಲಕ್ಕೆ 3. ಅಂಗಡಿಯ ಬಾಕಿ ಲೆಕ್ಕದ ಹಾಗೆ ಯೋಚಿಸಿ. ಬಲಕ್ಕೆ ಒಂದು ಚೌಕ ಹೋದಾಗಲೆಲ್ಲ ಬಾಕಿ 3 ಏರುತ್ತದೆ. ಬಾಕಿಯ ಎರಡರಷ್ಟು 7 ದಾಟಿದರೆ ಒಂದು ಮೆಟ್ಟಿಲು ಹತ್ತಿ, ಬಾಕಿಯಲ್ಲಿ 7 ಕಳೆಯಿರಿ.

ಮೊದಲ ಹೆಜ್ಜೆ: ಬಾಕಿ 3, ಎರಡರಷ್ಟು 6, ದಾಟಲಿಲ್ಲ, ಎತ್ತರ 0.
ಎರಡು: ಬಾಕಿ 6, ಎರಡರಷ್ಟು 12, ದಾಟಿತು. ಎತ್ತರ 1, ಬಾಕಿ −1.
ಮೂರು: ಬಾಕಿ 2, ಎತ್ತರ 1.
ನಾಲ್ಕು: ಬಾಕಿ 5, ಎರಡರಷ್ಟು 10. ಎತ್ತರ 2, ಬಾಕಿ −2.
ಐದು: ಬಾಕಿ 1, ಎತ್ತರ 2.
ಆರು: ಬಾಕಿ 4, ಎರಡರಷ್ಟು 8. ಎತ್ತರ 3, ಬಾಕಿ −3.
ಏಳು: ಬಾಕಿ 0, ಎತ್ತರ 3.

(7, 3)ಕ್ಕೆ ಸರಿಯಾಗಿ ಬಂದೆವು, ಬಾಕಿಯೂ ಚುಕ್ತಾ. ಪ್ರತಿ ಹೆಜ್ಜೆಯಲ್ಲೂ ನಿಜವಾದ ಗೆರೆಗೆ ಅತಿ ಹತ್ತಿರದ ಚೌಕವೇ ತುಂಬಿರುತ್ತದೆ. ಬಲಕ್ಕಿಂತ ಮೇಲಕ್ಕೆ ಹೆಚ್ಚು ಏರುವ ಗೆರೆಯಾದರೆ ಎರಡರ ಪಾತ್ರವನ್ನು ಅದಲುಬದಲು ಮಾಡಿ. ನಿಮ್ಮ ತಂದೆಯವರ ಹಳೆಯ ಹಾಳೆಯೊಂದರ ನೇರವಾದ ಓರೆ ಅಂಚಿಗೆ ಈ ಲೆಕ್ಕ ಹಾಕಿ ನೋಡಿ, ಚೌಕಗಳು ಎಷ್ಟು ಕಡೆ ತಾಳೆಯಾಗುತ್ತವೆ ಎಂದು ತಿಳಿಯುವ ಆಸೆ ನನಗಿದೆ.

ದುರ್ಗದ ಬಿಸಿಎ ವಿದ್ಯಾರ್ಥಿನಿ

ಲ್ಯಾಬಿನ ಪ್ರೋಗ್ರಾಂ ಸರಿಯಾಯಿತು! ಹತ್ತು ನಿಮಿಷ ಓಡಲು ಬಿಟ್ಟೆ, ರೆಕ್ಕೆ ಒಂದು ಪಿಕ್ಸೆಲ್ ಕೂಡ ಕುಗ್ಗಲಿಲ್ಲ. ಚಿತ್ರ ಮಿನುಗುತ್ತಿತ್ತು, ಅದಕ್ಕೆ ನಮ್ಮ ಲ್ಯಾಬಿನ ಮೇಡಂ ಪರದೆಯನ್ನು 640ಕ್ಕೆ 350ರ ಮೋಡ್‌ಗೆ ಬದಲಾಯಿಸಲು ಹೇಳಿದರು. ಆ ಮೋಡ್‌ನಲ್ಲಿ ಎರಡು ಪುಟ ಸಿಗುತ್ತವೆ, ಕಾಣದ ಪುಟದಲ್ಲಿ ಚಿತ್ರ ಪೂರ್ತಿ ಬರೆದ ಮೇಲೆ ಅದನ್ನು ಮುಂದೆ ತರುವುದು. ಮಿನುಗು ನಿಂತಿತು.

ಈಗ ಅದನ್ನೇ ಮೊಬೈಲಿನ ಕ್ಯಾನ್‌ವಾಸಿನಲ್ಲಿ ಮಾಡುತ್ತಿದ್ದೇನೆ. ಕೆಳಗೆ ಚಿತ್ರದುರ್ಗ ಎಂದು ಬರೆಯಬೇಕು. ಅಕ್ಷರಗಳು ಒಂದೊಂದಾಗಿ ಮೂಡಲಿ ಎಂದು ಒಂದೊಂದನ್ನೇ ಲೂಪಿನಲ್ಲಿ, ಅಂದರೆ ಅದೇ ಆಜ್ಞೆಯನ್ನು ಮತ್ತೆ ಮತ್ತೆ ಓಡಿಸಿ, ಬರೆಸಿದೆ. ಗುಡಿಸು, ಕೊಂಬು, ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾದವು. ಲೂಪು 10 ಸಲ ಸುತ್ತಿತು, ನಮ್ಮ ಲೆಕ್ಕಕ್ಕೆ ಆ ಪದದಲ್ಲಿರುವುದು ಐದೇ ಅಕ್ಷರ.

ಮೊಳಕಾಲ್ಮೂರಿನ ನೇಕಾರರ ಮನೆಯವನು

ಇದು ನನಗೆ ಗೊತ್ತು ಅಕ್ಕ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಆ ಪದಕ್ಕೆ 10 ಸಂಕೇತಗಳೇ: ಚ, ಗುಡಿಸು, ತ, ವಿರಾಮ (ಸ್ವರ ತೆಗೆಯುವ ್ ಗುರುತು), ರ, ದ, ಕೊಂಬು, ರ, ವಿರಾಮ, ಗ. ಅವು ಸೇರಿ ಕಣ್ಣಿಗೆ ಕಾಣುವ ರೂಪ ಪಡೆಯುವುದು ಫಾಂಟಿನ ನಿಯಮಗಳಿಂದ. ಕೊನೆಯ ರ್ಗ ನೋಡಿ. ಸಂಕೇತಗಳಲ್ಲಿ ರ ಮೊದಲು, ಗ ಆಮೇಲೆ. ತೆರೆಯ ಮೇಲೆ ಗ ಮೊದಲು ಬಂದು ಅರ್ಕಾವತ್ತು ಅದರ ಹಿಂದೆ ಕೂರುತ್ತದೆ. ಒಂದೊಂದೇ ಸಂಕೇತ ಕೊಟ್ಟರೆ ಬ್ರೌಸರಿಗೆ ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಪದವನ್ನು ಇಡಿಯಾಗಿ ಕೊಡಿ. ಒಂದೊಂದಾಗಿ ಮೂಡಲೇಬೇಕೆಂದರೆ ಚಿ, ತ್ರ, ದು, ರ್ಗ ಎಂದು ನಾವು ಅಕ್ಷರವೆನ್ನುವ ತುಂಡುಗಳನ್ನೇ ಪಟ್ಟಿ ಮಾಡಿ ಕೊಡಿ. ಐದಲ್ಲ, ನಾಲ್ಕು ಅಕ್ಷರ.

ಗಾಳಿಯಂತ್ರದ ನಿರ್ವಹಣೆ ಕೆಲಸದವನು

ನಾನು ಪ್ರೋಗ್ರಾಮಿಂಗ್ ಬಲ್ಲವನಲ್ಲ, ದುರ್ಗದ ಗುಡ್ಡಗಳ ಮೇಲೆ ಈ ಯಂತ್ರಗಳ ನಿರ್ವಹಣೆ ಮಾಡುತ್ತೇನೆ. ಶೀರ್ಷಿಕೆ ನೋಡಿ ಒಳಗೆ ಬಂದೆ. ಎರಡು ವಿಷಯ ಹೇಳುತ್ತೇನಮ್ಮ. ಗಾಳಿ ಬರುವ ಕಡೆಯಿಂದ ನೋಡಿದರೆ ಇಂದಿನ ಯಂತ್ರಗಳು ಸಾಮಾನ್ಯವಾಗಿ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ದೊಡ್ಡ ಯಂತ್ರಗಳು ನಿಮಿಷಕ್ಕೆ 10ರಿಂದ 20 ಸುತ್ತು ಸುತ್ತುತ್ತವೆ, ಅದಕ್ಕಿಂತ ಜೋರಾಗಿಲ್ಲ. ಚಿತ್ರಗಳಲ್ಲಿ ಮನೆಯ ಫ್ಯಾನಿನಂತೆ ಗಿರಗಿರನೆ ತಿರುಗಿಸುತ್ತಾರೆ, ಅದು ನೋಡಲು ಸರಿಯಿರುವುದಿಲ್ಲ. ರೆಕ್ಕೆ ಉದ್ದವಾದಷ್ಟೂ ತುದಿಯ ವೇಗ ಹೆಚ್ಚು, ಅದಕ್ಕೇ ನಿಧಾನವಾಗಿ ತಿರುಗಬೇಕು.

ದಾವಣಗೆರೆಯ ಹಳೇ ಪ್ರೋಗ್ರಾಮರ್

ಅಣ್ಣಾವ್ರೆ, ನೀವು ಬಂದದ್ದು ಬಹಳ ಒಳ್ಳೆಯದಾಯಿತು. ತಂಗಿ, ದಿಕ್ಕು ತಾನಾಗಿಯೇ ಸರಿಯಿದೆ. ಪುಸ್ತಕದಲ್ಲಿ ವೈ ಮೇಲಕ್ಕೆ ಬೆಳೆಯುತ್ತದೆ, ಆಗ ಸೂತ್ರ ಗಡಿಯಾರಕ್ಕೆ ವಿರುದ್ಧ ತಿರುಗಿಸುತ್ತದೆ. ಪರದೆಯಲ್ಲಿ ವೈ ಕೆಳಕ್ಕೆ ಬೆಳೆಯುವುದರಿಂದ ಅದೇ ಸೂತ್ರ ಗಡಿಯಾರದ ದಿಕ್ಕಿನಲ್ಲಿ ತಿರುಗಿದಂತೆ ಕಾಣುತ್ತದೆ.

ವೇಗ ಮಾತ್ರ ತಿದ್ದಬೇಕು. ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್, ಒಂದು ಸಲ ಬರೆದ ಚಿತ್ರ), ಚೌಕಟ್ಟಿಗೆ 5 ಡಿಗ್ರಿ ಎಂದರೆ ಸೆಕೆಂಡಿಗೆ 300 ಡಿಗ್ರಿ, ನಿಮಿಷಕ್ಕೆ 50 ಸುತ್ತು. ನಿಮಿಷಕ್ಕೆ 15 ಸುತ್ತು ಬೇಕೆಂದರೆ ಸೆಕೆಂಡಿಗೆ 90 ಡಿಗ್ರಿ. ಇಲ್ಲಿ ಚೌಕಟ್ಟನ್ನು ಎಣಿಸಲು ಹೋಗಬೇಡಿ. ಕೆಲವು ಮೊಬೈಲುಗಳು ಸೆಕೆಂಡಿಗೆ 120 ಚೌಕಟ್ಟು ತೋರಿಸುತ್ತವೆ, ಅಲ್ಲಿ ನಿಮ್ಮ ಯಂತ್ರ ಎರಡರಷ್ಟು ಓಡುತ್ತದೆ. ಬ್ರೌಸರ್ ಪ್ರತಿ ಚೌಕಟ್ಟಿಗೂ ಸಮಯವನ್ನು ಮಿಲಿಸೆಕೆಂಡಿನಲ್ಲಿ ಕೊಡುತ್ತದೆ. ಅದನ್ನು ಸಾವಿರದಿಂದ ಭಾಗಿಸಿ 90ರಿಂದ ಗುಣಿಸಿ, ಬಂದದ್ದೇ ಕೋನ. ಮೂರು ರೆಕ್ಕೆಗೆ ಆ ಕೋನ, ಅದಕ್ಕೆ 120 ಕೂಡಿಸಿದ್ದು, 240 ಕೂಡಿಸಿದ್ದು. ರೆಕ್ಕೆಯ ಬಿಂದುಗಳ ಪಟ್ಟಿ ಒಂದೇ ಸಾಕು.

ದುರ್ಗದ ಬಿಸಿಎ ವಿದ್ಯಾರ್ಥಿನಿ

ಇಂದು ಸಂಜೆ ಮೊಬೈಲ್ ಹಿಡಿದು ಮಾಳಿಗೆ ಹತ್ತಿದೆ. ನಮ್ಮ ಮನೆಗೆ ಹತ್ತಿರದ ಯಂತ್ರದ ಒಂದು ರೆಕ್ಕೆ ನೆಟ್ಟಗೆ ಮೇಲೆ ನಿಂತಾಗ ಗಡಿಯಾರ ಒತ್ತಿ, ಅದೇ ರೆಕ್ಕೆ ಐದು ಸಲ ಮೇಲೆ ಬರುವವರೆಗೆ ಎಣಿಸಿದೆ. 21 ಸೆಕೆಂಡು. ಒಂದು ಸುತ್ತಿಗೆ 4.2 ಸೆಕೆಂಡು, ಸೆಕೆಂಡಿಗೆ 85.7 ಡಿಗ್ರಿ. 90 ಇದ್ದ ಕಡೆ 85.7 ಹಾಕಿ, ಮೊಬೈಲನ್ನು ಗುಡ್ಡದ ಪಕ್ಕಕ್ಕೆ ಹಿಡಿದು ನೋಡಿದೆ. ಎರಡೂ ಜೊತೆಜೊತೆಯಾಗಿಯೇ ತಿರುಗುತ್ತಿದ್ದವು. ಗಾಳಿ ಸ್ವಲ್ಪ ಬದಲಾದಾಗ ಗುಡ್ಡದ್ದು ಹಿಂದೆ ಬಿತ್ತು.

ಸಾಲಿನಲ್ಲಿ ನಾಲ್ಕನೆಯದು ಪೂರ್ತಿ ನಿಂತಿತ್ತು. ಒಂದೊಂದಕ್ಕೂ ಬೇರೆ ಬೇರೆ ವೇಗ ಕೊಡುವುದು ಹೇಗೆ ಸರ್? ಪ್ರತಿಯೊಂದಕ್ಕೂ ಕೋಡನ್ನು ಮತ್ತೆ ಬರೆಯಬೇಕೇ?

ದಾವಣಗೆರೆಯ ಹಳೇ ಪ್ರೋಗ್ರಾಮರ್

ಬೇಡ. ಪ್ರತಿ ಯಂತ್ರಕ್ಕೂ ನಾಲ್ಕು ಸಂಖ್ಯೆಯ ಒಂದು ಸಾಲು: ಎಕ್ಸ್, ವೈ, ಅಳತೆ, ವೇಗ. ಸಾಲುಗಳ ಮೇಲೆ ಒಂದು ಲೂಪು. ಬಿಂದುವನ್ನು ಅಳತೆಯಿಂದ ಗುಣಿಸಿ, ತಿರುಗಿಸಿ, ಆಮೇಲೆ ಜಾಗ ಕೂಡಿಸಿ. ದೂರದ್ದಕ್ಕೆ ಅಳತೆ ಚಿಕ್ಕದು. ನಾಲ್ಕನೆಯದಕ್ಕೆ ವೇಗ ಸೊನ್ನೆ.

ಗಾಳಿಯಂತ್ರದ ನಿರ್ವಹಣೆ ಕೆಲಸದವನು

ನಿಂತ ಯಂತ್ರದ ರೆಕ್ಕೆಗಳನ್ನು ಅಂಚು ಗಾಳಿಗೆ ಒಡ್ಡುವಂತೆ ಹೊರಳಿಸಿರುತ್ತಾರಮ್ಮ. ಮುಂದಿನಿಂದ ನೋಡಿದರೆ ಅವು ತೆಳ್ಳಗೆ ಕಾಣುತ್ತವೆ. ನಿಮ್ಮ ಚಿತ್ರದಲ್ಲೂ ನಾಲ್ಕನೆಯದರ ರೆಕ್ಕೆಯನ್ನು ಸ್ವಲ್ಪ ಸಪೂರ ಮಾಡಿ.